ಶುದ್ಧ ಎಣ್ಣೆಯ ಮೈಸೂರುಪಾಕ

ಮಿಠಾಯಿ ಅಂಗಡಿಯಲ್ಲಿ ಎಲ್ಲರೂ "ಶುದ್ಧ ತುಪ್ಪದ್ದೇ ತಾನೇ?" ಎಂದು ಅನುಮಾನದಿಂದ ಕೇಳುತ್ತಾರೆ. ನಾನು "ಶುದ್ಧ ಎಣ್ಣೆಯದ್ದೇನಾದರೂ ಇದೆಯಾ?" ಎಂದು ಆಸೆಯಿಂದ ಕೇಳುತ್ತೇನೆ. ಮೊನ್ನೆ ಒಬ್ಬರು, ಕಲಬೆರಕೆ ಹಿಡಿಯಲು ಬಂದವಳು ನಾನೆಂದುಕೊಂಡು ಗಲ್ಲಾ ಬಿಟ್ಟು ಎದ್ದುನಿಂತರು. "ಮೇಡಂ, ಒಂದು ತೊಟ್ಟು ಡಾಲ್ಡಾ ಸಿಕ್ಕಿದರೂ ಅಂಗಡಿ ಬಾಗಿಲು ಹಾಕ್ತೀನಿ" ಎಂದು ಆಣೆ ಇಟ್ಟರು. ಅಷ್ಟೊಂದು ಪ್ರಾಮಾಣಿಕರ ಅಂಗಡಿಯಿಂದ ಬರಿಗೈಲಿ ಇಳಿದುಬಂದೆ.

ನನ್ನ ಮಕ್ಕಳಿಬ್ಬರಿಗೂ ಹಾಲು ಆಗುವುದಿಲ್ಲ. ಮಗಳ ಅನ್ನಪ್ರಾಶನದಲ್ಲಿ ಬೆಳ್ಳಿ ಬಟ್ಟಲಿನ ಪಾಯಸ ತುಟಿಗೆ ತಾಗಿದ ಸ್ವಲ್ಪ ಹೊತ್ತಿಗೇ ಮೈತುಂಬ ದದ್ದೆದ್ದು ಕಣ್ಣು ಊದಿಕೊಂಡವು. ಸೋದರತ್ತೆ "ಪಿತ್ತದ ಗಂಧೆ, ಕಂಬಳಿ ಹೊದಿಸಿ" ಎಂದರು. ದೊಡ್ಡಮ್ಮ ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಡಾಕ್ಟರು ಮಾತ್ರ ಹಾಲಿನಲ್ಲಿರುವ ಕೇಸೀನ್, ವೇ ಎಂಬ ಪ್ರೋಟೀನುಗಳನ್ನು ಈ ಮಗುವಿನ ಮೈ ಶತ್ರು ಎಂದು ತಿಳಿದಿದೆ ಎಂದರು. ಮಗನೂ ಹುಟ್ಟಿ ಅಕ್ಕನ ದಾರಿಯನ್ನೇ ಹಿಡಿದ.

ಇದನ್ನು ಸೋದರತ್ತೆಗೆ ತಿಳಿಸಿ ಹೇಳುವ ಕೆಲಸ ಇನ್ನೂ ಮುಗಿದಿಲ್ಲ.

"ಹಾಲು ಬೇಡ ಅಂದ್ರೆ ಮೊಸರು ಕೊಡೇ."

"ಮೊಸರೂ ಹಾಲಿಂದೇ ಅಲ್ವಾ ಅತ್ತೆ."

"ಹೋಗ್ಲಿ, ತುಪ್ಪ? ಅಷ್ಟು ಕಾಯಿಸಿದ್ಮೇಲೆ ಅದರಲ್ಲಿ ಇನ್ನೇನಿರತ್ತೆ?"

ಸೋಸಿದ ತುಪ್ಪದಲ್ಲೂ ಚೂರುಪಾರು ಪ್ರೋಟೀನು ಉಳಿಯುತ್ತದೆ ಎಂದೆ.

"ಹಾಗಾದ್ರೆ ಆಡಿನ ಹಾಲು ಕೊಡು. ಗಾಂಧೀಜಿ ಕುಡೀತಿರಲಿಲ್ವಾ?"

ಆಡು, ಎಮ್ಮೆ, ಹಸು ಮೂರರ ಪ್ರೋಟೀನುಗಳೂ ದಾಯಾದಿಗಳೇ, ಒಂದು ಆಗದವರಿಗೆ ಸಾಮಾನ್ಯವಾಗಿ ಇನ್ನೊಂದೂ ಆಗದು ಎಂದು ಡಾಕ್ಟರ ಮಾತನ್ನೇ ಒಪ್ಪಿಸಿದೆ. ಅತ್ತೆ ಕನ್ನಡಕ ತೆಗೆದು, "ನಿಮ್ಮ ಡಾಕ್ಟರು ಗಾಂಧೀಜಿಗಿಂತ ದೊಡ್ಡೋರೇನು?" ಎಂದರು. ಇದಕ್ಕೆ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ.

ಅತ್ತೆಯನ್ನು ಬೈದು ಪ್ರಯೋಜನವಿಲ್ಲ. ನಮ್ಮ ಕಡೆ ಅಕ್ಕರೆಯೆಲ್ಲ ಹರಿಯುವುದೇ ಹಾಲು ತುಪ್ಪದ ರೂಪದಲ್ಲಿ. ಹಾಗಾಗಿ ನಾನು ಊರಮೇಲೆ ಅಕ್ಕರೆಗೆ ಅಡ್ಡಗಾಲು ಹಾಕುತ್ತ ತಿರುಗುವವಳು. ಮದುವೆ ಊಟದಲ್ಲಂತೂ ಎದೆ ಡವಡವ. ಎಲೆಯ ತುದಿಗೆ ಪಾಯಸ ಬಿದ್ದಿರುತ್ತದೆ, ಅನ್ನದ ಹಿಂದೆಯೇ ತುಪ್ಪದ ಮಿಳ್ಳೆಯವನು ಓಡೋಡಿ ಬರುತ್ತಾನೆ. ಅವನು ಬಗ್ಗುವುದೂ ತುಪ್ಪ ಬೀಳುವುದೂ ಒಂದೇ ಕ್ಷಣದಲ್ಲಿ. "ಬೇಡ" ಎಂದರೆ ಸಂಕೋಚವೆಂದು ತಿಳಿದು ಇನ್ನಷ್ಟು ಸುರಿಯುತ್ತಾನೆ. ಅದಕ್ಕೇ ಎರಡೂ ಎಲೆಗಳ ಮೇಲೆ ಕೈ ಚಾಚಿ, ಕಾವಿಗೆ ಕೂತ ಕೋಳಿಯಂತೆ ಕೂತಿರುತ್ತೇನೆ. ನನ್ನ ಎಲೆಯಲ್ಲಿ ಏನು ಬಡಿಸಿದರೆಂದು ನೋಡುವಷ್ಟರಲ್ಲಿ ಪಂಕ್ತಿಯೇ ಎದ್ದಿರುತ್ತದೆ.

ಹೆಚ್ಚಿನ ಮಕ್ಕಳಿಗೆ ದೊಡ್ಡವರಾಗುತ್ತ ಇದು ತಾನೇ ಹೋಗುತ್ತದಂತೆ. ಅಲ್ಲಿಯವರೆಗೆ ಕಾಯಿಹಾಲೇ ಗತಿ. ಮಗಳು ಅಕ್ಷರ ಕೂಡಿಸಿ ಓದಲು ಕಲಿತದ್ದೇ ಬಿಸ್ಕತ್ತಿನ ಪೊಟ್ಟಣದ ಬೆನ್ನಿನಿಂದ. ಖಾರದ ಚಿಪ್ಸಿನಲ್ಲೂ ಹಾಲಿನಪುಡಿ ಅವಿತಿರಬಹುದೆಂದು ಅವಳಿಗೆ ಗೊತ್ತು. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಅವಳ ಸರ್ಕಾರಿ ಶಾಲೆಯಲ್ಲೂ ಇದೆ. ಉಳಿದವರ ಲೋಟಕ್ಕೆ 150 ಮಿಲಿಲೀಟರ್ ಹಾಲು ಬೀಳುವಾಗ ಇವಳು ನೀರು ಹಿಡಿದು, "ನಂದು ನೀರಭಾಗ್ಯ" ಅನ್ನುತ್ತಾಳಂತೆ.

ಕಳೆದ ಶನಿವಾರ ದೇವಸ್ಥಾನದಲ್ಲಿ ಭಟ್ಟರು ಪಂಚಾಮೃತದ ಉದ್ಧರಣೆ ಎತ್ತಿದರು. ಮಗಳು ತಮ್ಮನ ಕೈ ಹಿಂದಕ್ಕೆಳೆದು, "ಇದರಲ್ಲಿ ಏನೇನಿದೆ?" ಎಂದಳು.

"ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ ಪುಟ್ಟಿ."

ಅವಳು ಬೆರಳು ಮಡಿಸಿದಳು. "ಐದರಲ್ಲಿ ಮೂರು ಫೇಲು."

ಭಟ್ಟರು ನಕ್ಕು ಇಬ್ಬರಿಗೂ ಕಲ್ಲುಸಕ್ಕರೆ ಕೊಟ್ಟರು. "ಕೃಷ್ಣಾಷ್ಟಮಿಗೆ ಬನ್ನಿ, ಬೆಣ್ಣೆ..." ಎಂದವರು ನನ್ನ ಮುಖ ನೋಡಿ ತಟ್ಟನೆ ತಿದ್ದಿಕೊಂಡರು, "ಚಕ್ಕುಲಿ ಕೊಡ್ತೀನಿ."

"ಹಿಟ್ಟಿಗೆ ಬೆಣ್ಣೆ ಹಾಕಿ ಕಲಸ್ತೀರಾ, ಬಿಸಿ ಎಣ್ಣೆ ಹಾಕಿ ಕಲಸ್ತೀರಾ?" ಎಂದಳು ಮಗಳು.