ಮಂದ್ರಶಕಟಾದ್ವೈತ: ಪಣಂಬೂರು ಭಾಷ್ಯಸಮೇತ

ಪೀಠಿಕೆ

ಬೇಸ್ ಗಿಟಾರನ್ನು ಬಿಚ್ಚಿ ಬಿಚ್ಚಿ ಜೋಡಿಸುವವನೂ ಹಳೆಯ ಕಾರನ್ನು ಒರೆಸಿ ಒರೆಸಿ ನಿಲ್ಲಿಸುವವನೂ ಅನೇಕ ಸಲ ಒಬ್ಬನೇ ಆಗಿರುವುದು ಏಕೆಂಬ ಪ್ರಶ್ನೆಯನ್ನು ಪೂರ್ವಾಚಾರ್ಯರು ಯಾರೂ ಎತ್ತಿಕೊಳ್ಳಲಿಲ್ಲ. ಅವರಿಗೆ ಬೇರೆ ಕೆಲಸವಿತ್ತು. ಗಿಟಾರೂ ಕಾರೂ ಎರಡಲ್ಲ, ಒಂದೇ ಎಂಬುದು ನಮ್ಮ ಮತ. ದ್ವೈತದ ತವರಾದ ಉಡುಪಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲೇ, ಪಣಂಬೂರಿನಲ್ಲಿ ಕುಳಿತು ಅದ್ವೈತ ಹೇಳುವುದು ಸಾಹಸವೇ ಸರಿ. ಬಂದರಿನ ಲಾರಿಗಳ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂಬ ಧೈರ್ಯವಿದೆ.

ಸೂತ್ರ 1: ವರ್ಣದಿಂದ ಒಂದೇ

ಭಾಷ್ಯ: ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೋ ರಿಪೇರಿಯಿಂದ ಶುರುಮಾಡಿದ ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಹೊರತಂದರು. ಗಿರಾಕಿಗಳು ಬೇರೆ ಬಣ್ಣ ಕೇಳಿದಾಗ ಡ್ಯೂಪಾಂಟ್ ಕಂಪನಿ ಕಾರುಗಳಿಗೆಂದು ಮಾಡಿದ ಪೇಂಟನ್ನೇ ಗಿಟಾರಿಗೂ ಹೊಡೆಸಿದರು. ಫಿಯೆಸ್ಟಾ ರೆಡ್ 1956ರ ಫೋರ್ಡ್ ಥಂಡರ್‌ಬರ್ಡಿನದು, ಸರ್ಫ್ ಗ್ರೀನ್ 1957ರ ಷೆವರ್ಲೆಯದು, ಲೇಕ್ ಪ್ಲಾಸಿಡ್ ಬ್ಲೂ 1958ರ ಕ್ಯಾಡಿಲ್ಯಾಕಿನದು. ಹೆಚ್ಚುವರಿ ಶುಲ್ಕ ಶೇ. 5. ಶಿವ ಗಜಚರ್ಮ ಹೊದ್ದಂತೆ, ಕ್ಯಾಡಿಲ್ಯಾಕ್ ಕೊಳ್ಳಲಾಗದ ಬಡಪಾಯಿ ಅದರ ಚರ್ಮವನ್ನಾದರೂ ಹೆಗಲಿಗೇರಿಸಿಕೊಂಡ.

ಸೂತ್ರ 2: ಆಕಾರದಿಂದ ಒಂದೇ

ಭಾಷ್ಯ: ಗಿಬ್ಸನ್ ಕಂಪನಿ 1963ರಲ್ಲಿ ಥಂಡರ್‌ಬರ್ಡ್ ಎಂಬ ಬೇಸ್ ತಂದಾಗ ಅದರ ರೇಖೆ ಎಳೆದವರು ರೇ ಡೀಟ್ರಿಕ್. ಅವರು ಆಯುಷ್ಯವೆಲ್ಲ ಪ್ಯಾಕರ್ಡ್, ಲಿಂಕನ್‌ಗಳಂಥ ಕಾರುಗಳಿಗೆ ಮೈಕಟ್ಟು ಕೊಟ್ಟು ನಿವೃತ್ತರಾಗಿದ್ದರು. ಹಾಗಾಗಿ ಆ ಗಿಟಾರಿಗೂ ಅಂದಿನ ಕಾರುಗಳ ಹಿಂಬದಿಯ ರೆಕ್ಕೆಗಳೇ ಬಂದವು. ಚಕ್ರ ಮಾತ್ರ ಬರಲಿಲ್ಲ. ಅದು ಲಿಪಿಕಾರರ ಕಣ್ತಪ್ಪೆಂದು ಕೆಲವರ ಮತ.

ಸೂತ್ರ 3: ನಾದದಿಂದ ಒಂದೇ

ಭಾಷ್ಯ: ಬೇಸಿನ ದಪ್ಪ ತಂತಿ ‘ಇ’ ಸೆಕೆಂಡಿಗೆ 41.2 ಸಲ ಕಂಪಿಸುತ್ತದೆ. ಅಂಬಾಸಿಡರಿನ ನಾಲ್ಕು ಸಿಲಿಂಡರಿನ ಎಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಸಿಡಿಯುತ್ತದೆ. ಆದ್ದರಿಂದ ನಿಮಿಷಕ್ಕೆ 1236 ಸುತ್ತಿನಲ್ಲಿ ಅದು ಶುದ್ಧ ‘ಇ’ ನುಡಿಯುತ್ತದೆ. 1650ಕ್ಕೆ ಏರಿಸಿದರೆ ಮುಂದಿನ ತಂತಿ ‘ಎ’. ನಾಲ್ಕು ಸಿಲಿಂಡರ್, ನಾಲ್ಕು ತಂತಿ. ಇದು ಕಾಕತಾಳೀಯವೆನ್ನುವವರು ಶಾಸ್ತ್ರಬಾಹ್ಯರು. ಐದು ತಂತಿಯ ಬೇಸಿಗೆ ದೃಷ್ಟಾಂತ ಬೇಕೆಂದರೆ ನವಮಂಗಳೂರು ಬಂದರಿನ ಗೇಟಿನೆದುರು ನಿಲ್ಲಿ. ಆರು ಸಿಲಿಂಡರಿನ ಲಾರಿ 617ರ ಆಸುಪಾಸಿನಲ್ಲಿ ಗುರುಗುಟ್ಟಿದರೆ ಅದೇ ಕೆಳಗಿನ ‘ಬಿ’. ಕಛೇರಿ ಉಚಿತ, ಹೊಗೆಯೂ ಉಚಿತ.

ಆಪ್ತಪ್ರಮಾಣ

‘ದ ಹೂ’ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್ವಿಸಲ್ ಮುರಿದ ಐದು ಬೇಸ್‌ಗಳ ಅವಶೇಷ ಸೇರಿಸಿ ‘ಫ್ರಾಂಕೆನ್‌ಸ್ಟೈನ್’ ಎಂಬ ಒಂದು ಬೇಸ್ ಕಟ್ಟಿದರು. ಥಂಡರ್‌ಬರ್ಡಿನ ಬಾಡಿಗೆ ಫೆಂಡರಿನ ನೆಕ್ ಕೂಡಿಸಿ ‘ಫೆಂಡರ್‌ಬರ್ಡ್’ ಮಾಡಿಸಿದರು. ಕ್ಯಾಡಿಲ್ಯಾಕ್, ರೋಲ್ಸ್ ರಾಯ್ಸ್‌ಗಳನ್ನೂ ಇಟ್ಟುಕೊಂಡಿದ್ದರು. ಡ್ರೈವಿಂಗ್ ಮಾತ್ರ ಕಲಿಯಲಿಲ್ಲ. ಪ್ರೀತಿಗೂ ಪ್ರಯೋಜನಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಪೂರ್ವಪಕ್ಷ

ಇಲ್ಲಿ ಮನೆಯಾಕೆಯ ಆಕ್ಷೇಪ: “ಕಾರಲ್ಲಿ ಒಂದು ಸ್ಕ್ರೂ ಬದಲಾದ್ರೆ ಊಟ ಬಿಡ್ತೀರಿ. ಗಿಟಾರಲ್ಲಿ ಒಂದು ಸ್ಕ್ರೂ ಹಳೇದು ಉಳಿದ್ರೆ ನಿದ್ದೆ ಬಿಡ್ತೀರಿ. ಎರಡೂ ಒಂದೇ ಆದ್ರೆ ಇದು ಎಂತದು ಮಾರಾಯ್ರೆ?”

ಪ್ರಬಲ ಆಕ್ಷೇಪ. ದೊಡ್ಡ ದೊಡ್ಡ ವಿದ್ವಾಂಸರು ಈ ಹಂತದಲ್ಲಿ ಗ್ಯಾರೇಜಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಾರೆ.

ಸಿದ್ಧಾಂತ

ಉತ್ತರ ಕಾನೂನಿನಲ್ಲಿದೆ. ಕೇಂದ್ರ ಸರ್ಕಾರದ 2021ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಹೆಚ್ಚು ಬದಲಾಗದ ವಾಹನಕ್ಕಷ್ಟೇ ವಿಂಟೇಜ್ ಪಟ್ಟ. ಶುಲ್ಕ 20,000 ರೂಪಾಯಿ, ನಂಬರ್ ಪ್ಲೇಟಿನಲ್ಲಿ ‘ವಿಎ’ ಅಕ್ಷರ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. (1974ರಲ್ಲಿ ಮೇಜರ್ ಪೋರ್ಟ್ ಆದ ನಮ್ಮ ಬಂದರಿಗೂ 50 ದಾಟಿದೆ. ಆದರೆ ಹೂಳೆತ್ತಿ, ಬರ್ತ್ ಸೇರಿಸಿ ರೂಪ ಬದಲಿಸಿರುವುದರಿಂದ ಅರ್ಜಿ ತಿರಸ್ಕೃತ.) ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲೂ ನಾವು ಕೈಕಟ್ಟಿಕೊಂಡೇ ನೋಡಬೇಕು. ಕೈಗೆ ತುರಿಕೆ, ಕಾರಿಗೆ ಕಾನೂನು, ಉಳಿದದ್ದು ಬೇಸ್. ಫೆಂಡರಿನದಾದರೆ ನಾಲ್ಕು ಸ್ಕ್ರೂ ಬಿಚ್ಚಿದರೆ ನೆಕ್ಕೇ ಕೈಗೆ ಬರುತ್ತದೆ. ಪಿಕಪ್, ಬ್ರಿಡ್ಜ್, ಬಣ್ಣ ಯಾವುದನ್ನು ಬದಲಿಸಿದರೂ ಆರ್‌ಟಿಓ ಕೇಳುವುದಿಲ್ಲ. ಹೀಗೆ, ಕಾರಿನ ಮೇಲೆ ತೀರದ ಆಸೆಯೇ ಗಿಟಾರಿನ ಮೇಲೆ ತೀರುತ್ತದೆ. ಕಾಯಿಲೆ ಒಂದೇ, ಕಾಣಿಸಿಕೊಳ್ಳುವ ಅಂಗ ಎರಡು. ಅದ್ವೈತ ಸಿದ್ಧ.

ಫಲಶ್ರುತಿ

ಇದನ್ನು ಓದಿದವರಿಗೆ ಮೋಕ್ಷದ ಖಾತ್ರಿಯಿಲ್ಲ. ತುಕ್ಕಿನಿಂದ ಒಂದಿಷ್ಟು ಬಿಡುಗಡೆ ಸಿಗಬಹುದು. ಪಣಂಬೂರಿನ ಉಪ್ಪುಗಾಳಿ ಚಾಸಿಯನ್ನೂ ತಂತಿಯನ್ನೂ ಭೇದವಿಲ್ಲದೆ ತಿನ್ನುತ್ತದೆ. ಬೀಚಿನಲ್ಲಿ ಕಾರು ನಿಲ್ಲಿಸಿ ಬಂದವರು ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಯಿರಿ, ಬಾರಿಸಿದ ಮೇಲೆ ತಂತಿಗಳನ್ನು ಒಣಬಟ್ಟೆಯಲ್ಲಿ ಒರೆಸಿರಿ. ಎರಡಕ್ಕೂ ಒಂದೇ ಬಟ್ಟೆ ಮಾತ್ರ ಬಳಸಬೇಡಿ. ಅದ್ವೈತಕ್ಕೂ ಒಂದು ಮಿತಿಯಿದೆ.