ಪ್ಯಾಂಟಿನ ಮೇಲೆ ದಿಮ್ಮಿಯ ಲೆಕ್ಕ

ಗಣಿತದಲ್ಲಿ ಡಿಗ್ರಿ ಮಾಡಿದವನನ್ನು ಮರ ಅಳೆಯೋಕೆ ಇಟ್ಟುಕೊಂಡರೆ ಏನಾಗುತ್ತೆ ಅನ್ನೋದಕ್ಕೆ ಯಶವಂತಪುರದ ಒಂದು ಟಿಂಬರ್ ಯಾರ್ಡಿನಲ್ಲಿ ನಾನೇ ಜೀವಂತ ಸಾಕ್ಷಿ. ದಿಮ್ಮಿ ಅಂದರೆ ಸಿಲಿಂಡರ್ ತಾನೆ? ಪೈ ಆರ್ ಸ್ಕ್ವೇರ್ ಹಾಕಿದೆ. 60 ಇಂಚು ಸುತ್ತಳತೆ, 10 ಅಡಿ ಉದ್ದ, ಬಂತು 19.9 ಘನ ಅಡಿ. ಕೊಳ್ಳಲು ಬಂದಿದ್ದ ಬಡಗಿ ಬಾಯಿಲೆಕ್ಕದಲ್ಲೇ 15.6 ಅಂದರು. ನಾನು ಮುಗುಳ್ನಕ್ಕು, ಚೀಟಿಯ ಹಿಂದೆ ವೃತ್ತ ಬರೆದು ಪಾಠ ಶುರು ಮಾಡಿದೆ. ಪುಣ್ಯಾತ್ಮರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೇಸ್ತ್ರಿ ಬಂದು ನನಗೆ ಪಾಠ ಮಾಡಿದರು: ಸುತ್ತಳತೆಯ ಕಾಲುಭಾಗ ತಗೋ, ಅದರಿಂದಲೇ ಅದನ್ನು ಗುಣಿಸು, ಉದ್ದದಿಂದ ಗುಣಿಸು, ಮುಗೀತು. ದುಂಡು ಮರವನ್ನು ಚೌಕ ಕೊಯ್ಯುವಾಗ ಹೋಗುವ ಚಕ್ಕೆಗೆ ಅಲ್ಲೇ ವಜಾ. ಹಾಪಸ್ ಎಂಬ ಇಂಗ್ಲಿಷಿನವನು 1736ರಲ್ಲೇ ಇದಕ್ಕೆ ಕೋಷ್ಟಕ ಮಾಡಿಟ್ಟಿದ್ದನಂತೆ. ನನ್ನ ಕಾಲೇಜಿಗೆ ಆ ಸುದ್ದಿ ಇನ್ನೂ ಬಂದಿರಲಿಲ್ಲ.

ಸೂತ್ರ ಕಲಿತೆ, ಟೇಪು ಕೈಕೊಟ್ಟಿತು. ಅದರ ಮೊದಲ ಮೂರು ಇಂಚು ಯಾವ ಕಾಲದಲ್ಲೋ ಕಿತ್ತುಹೋಗಿತ್ತು. ಎಲ್ಲರೂ ಮೂರು ಕಳೆದು ಬರೆಯುತ್ತಿದ್ದರು, ನನ್ನೊಬ್ಬನನ್ನು ಬಿಟ್ಟು. 60 ಇಂಚಿನ ಮರಕ್ಕೆ 63 ಬರೆದರೆ ಘನ ಅಡಿಯಲ್ಲಿ ನೂರಕ್ಕೆ ಹತ್ತು ಉಬ್ಬುತ್ತದೆ. ಸಂಜೆಯೊಳಗೆ ನಾನು ಯಾರ್ಡಿನಲ್ಲಿ ಇಲ್ಲದ ಕಾಡೊಂದನ್ನು ಬೆಳೆಸಿದ್ದೆ.

ದರ್ಜೆ ಹಾಕುವುದರಲ್ಲಾದರೂ ಮಾನ ಉಳಿಸಿಕೊಳ್ಳೋಣ ಅಂತ ಹೊರಟೆ. ಕೆಚ್ಚು ಎಷ್ಟು, ಗಂಟು ಎಷ್ಟು, ಬಿರುಕು ಎಲ್ಲಿ ಅಂತ ನೋಡಿ, ಕೊಡಲಿಯ ಹಿಂಬದಿಯಿಂದ ತಟ್ಟಿ ಸದ್ದು ಕೇಳಬೇಕು. ಒಂದು ಭಾರೀ ದಿಮ್ಮಿಗೆ ಕಿವಿಯಾನಿಸಿ ಕಣ್ಣು ಮುಚ್ಚಿ ತಟ್ಟಿದೆ. 'ಗಟ್ಟಿ ಮರ, ಮೊದಲ ದರ್ಜೆ!' ಅಂತ ಘೋಷಿಸಿದೆ. ಒಳಗಿನಿಂದ ಯಾರೋ ಕುಂಯ್ ಅಂದರು. ಆಚೆ ತುದಿಯ ಪೊಟರೆಯಿಂದ ನಾಯಿಯೊಂದು ಮರಿಗಳ ಸಮೇತ ಹೊರಬಂದು ನನ್ನನ್ನೇ ದಿಟ್ಟಿಸಿತು. ದಿಮ್ಮಿಗೆ ಎರಡು ತುದಿ ಇರುತ್ತದೆ ಅನ್ನೋದು ನಿಮಗಾದರೂ ಆ ಕ್ಷಣ ಹೊಳೆಯುತ್ತಿತ್ತೇ?

ಇನ್ನು ವಿಜ್ಞಾನವೇ ಗತಿ ಅನ್ನಿಸಿತು. ಮಲ್ಲೇಶ್ವರದ 18ನೇ ಕ್ರಾಸಿನ ಕಾಷ್ಠ ವಿಜ್ಞಾನ ಸಂಸ್ಥೆಯಂಥ ಕಡೆ ಬಲ್ಲವರು ಲೆನ್ಸಿನಲ್ಲೇ ಮರದ ಜಾತಿ ಹೇಳುತ್ತಾರೆ. ತೇಗವಾದರೆ ವರ್ಷದ ಉಂಗುರ ಶುರುವಾಗುವಲ್ಲಿ ದೊಡ್ಡ ರಂಧ್ರಗಳ ಸಾಲು. ಹಳೇ ಚರ್ಮದಂಥ ವಾಸನೆ. ನಾನೂ ಲೆನ್ಸ್ ಕೊಂಡೆ. ಮಟಮಟ ಮಧ್ಯಾಹ್ನ ಒಂದು ತುಂಡನ್ನು ಕಾಲ ಬುಡದಲ್ಲಿಟ್ಟು ಬಗ್ಗಿದೆ. ರಂಧ್ರ ಸರಿಯಾಗಿ ಕಾಣಲಿಲ್ಲ, ಆದರೆ ವಾಸನೆ ಬಂತು ನೋಡಿ, ಅಪ್ಪಟ ಚರ್ಮದ್ದು! 'ತೇಗ!' ಅಂತ ಕೂಗಿದೆ. ಹೊಗೆ ಏಳುತ್ತಿದ್ದದ್ದು ನನ್ನ ಚಪ್ಪಲಿಯಿಂದ.

ಉಳಿದಿದ್ದು ಪೇಂಟಿನ ಕೆಲಸ ಒಂದೇ: ದಿಮ್ಮಿಯ ತುದಿಗೆ ನಂಬರು, ಸುತ್ತಳತೆ, ಉದ್ದ, ದರ್ಜೆ ಬರೆಯೋದು. ದೊಡ್ಡದೊಂದು ದಿಮ್ಮಿಗೆ ಅಂದವಾಗಿ ಬರೆದು, ಸುಸ್ತಾಗಿ, ಅದಕ್ಕೇ ಹಿಂಬದಿ ಆನಿಸಿ ಟೀ ಕುಡಿದೆ. ಸಂಜೆ ಯಲಹಂಕದ ಬಸ್ಸು ಹೆಬ್ಬಾಳದ ಜಾಮಿನಲ್ಲಿ ನಿಂತಾಗ ಹಿಂದೊಬ್ಬ ಹುಡುಗ ಉಲ್ಟಾ ಅಕ್ಷರ ಬಿಡಿಸಿ ಓದುತ್ತಿದ್ದ: 'ಸುತ್ತು 54... ಎರಡನೇ ದರ್ಜೆ...' ಯಾರಪ್ಪಾ ಅದು ಅಂತ ನಾನೂ ತಿರುಗಿದೆ. ಈಗ ಮುಂದಿನ ಸೀಟಿನವರು ಓದತೊಡಗಿದರು.

ಬೆಳಗ್ಗೆ ನೋಡಿದರೆ ಆ ದಿಮ್ಮಿ ಲಾರಿಯ ತಳ ಸೇರಿ, ಮೇಲೆ ಉಳಿದ ಮರವೆಲ್ಲ ಏರಿತ್ತು. ತುದಿಯಲ್ಲಿ ಬರೀ ಮಸಿ, ಪುಸ್ತಕದಲ್ಲಿ ಖಾಲಿ ಸಾಲು. 'ಅಳತೆ ಎಲ್ರೀ?' ಅಂದರು ಮೇಸ್ತ್ರಿ. ಮನೆಗೆ ಫೋನ್ ಹಚ್ಚಿ, 'ಪ್ಯಾಂಟು ನೆನೆಸಬೇಡ ಕಣೇ!' ಅಂತ ಅರಚಿದೆ. ಇಡೀ ಯಾರ್ಡು ಗರಗಸ ನಿಲ್ಲಿಸಿತು. ಹೆಂಡತಿ ಪ್ಯಾಂಟನ್ನು ಕನ್ನಡಿಗೆ ಹಿಡಿದು ಒಂದೊಂದೇ ಓದಿದಳು. ಮೇಸ್ತ್ರಿ ಸ್ಪೀಕರ್ ಹಾಕಿ ಬರೆದುಕೊಂಡರು.

'ಎಲ್ಲ ಬಂತಾ ಮೇಡಂ?'

'ಇರಿ ಸಾರ್, ಉದ್ದ ಎಡಗಾಲಿನ ಮೇಲಿದೆ.'