ಡಬ್ಬ ಉಬ್ಬಿಸುವ ಬಗೆ

ಬೆಂಗಳೂರಿನ ನೆಂಟರು ರಸಗುಲ್ಲದ ಡಬ್ಬ ತಂದುಕೊಟ್ಟರೆ ಸೆರಗಲ್ಲಿ ಮುಚ್ಚಿಕೊಂಡು ಒಳಗೆ ಒಯ್ಯಿರಿ. ‘ಯಾರಾರ ಬಂದಾಗ ಆಯ್ತದೆ’ ಎಂದು ಮಕ್ಕಳಿಗೆ ಕೇಳುವಂತೆ ಹೇಳಿ. ಡಬ್ಬ ತಂದವರು ಆ ‘ಯಾರಾರ’ ಲೆಕ್ಕಕ್ಕೆ ಬರುವುದಿಲ್ಲ. ಅವರಿಗೆ ಕಾಫಿ ಕೊಟ್ಟು ಕಳಿಸಿ.

ತಂಪಾದ, ಒಣಗಿದ ಜಾಗದಲ್ಲಿಡಿ ಎಂದು ಡಬ್ಬದ ಮೇಲೆ ಅಚ್ಚಾಗಿರುತ್ತದೆ. ಅಚ್ಚು ಹಾಕಿದವರು ಹನೂರಿನ ಏಪ್ರಿಲ್ ನೋಡಿದವರಲ್ಲ. ನೀವು ಅಟ್ಟಕ್ಕೆ ಹಾಕಿ, ಶೀಟಿಗೆ ಒಂದು ಗೇಣು ಕೆಳಗೆ. ಶೀಟಿಲ್ಲದ ಮನೆಯಾದರೆ ಒಲೆಯ ಮೇಲಿನ ಹಲಗೆಯೂ ಆದೀತು. ಮಳೆ ಹಿಡಿದ ಮೇಲೆ ಬಚ್ಚಲ ಗೋಡೆಗೆ ಸರಿಸಿ. ತಳ ತುಕ್ಕು ಹಿಡಿಯಲಿ. ಆಹಾರ ಕೆಡದಂತೆ ಇಡುವುದು ಹೇಗೆಂದು ಮೈಸೂರಿನ ಸಿಎಫ್‌ಟಿಆರ್‌ಐನವರು 1950ರಿಂದ ತಲೆ ಕೆಡಿಸಿಕೊಂಡಿದ್ದಾರೆ. ನೀವು ಕೆಡಿಸಿಕೊಳ್ಳಬೇಡಿ.

ಹೊಸ ಡಬ್ಬ ಬಂದರೆ ಮುಂದಿಡಿ, ಹಳೆಯದನ್ನು ಹಿಂದಕ್ಕೆ ತಳ್ಳಿ. ತೆಗೆಯುವಾಗ ಮುಂದಿನದನ್ನೇ ತೆಗೆಯಿರಿ. ಹೀಗೆ ಮಾಡಿದರೆ ಹಿಂದಿನ ಸಾಲು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ.

ತಾರೀಕು ಮುಗಿಯಲು ತಿಂಗಳಿದೆ ಎನ್ನುವಾಗ ಬಣ್ಣದ ಕಾಗದ ಸುತ್ತಿ ಗೃಹಪ್ರವೇಶಕ್ಕೆ ಕೊಟ್ಟುಬಿಡಿ. ಕೊಳ್ಳೇಗಾಲದಲ್ಲಿ ಕೊಟ್ಟದ್ದು ಹನೂರಿನ ನಾಮಕರಣಕ್ಕೆ ಹೋಗುತ್ತದೆ, ಅಲ್ಲಿಂದ ಯಳಂದೂರಿನ ಮದುವೆಗೆ. ದಾರಿಯಲ್ಲಿ ಬಸ್ಸಿನ ಸೀಟಿನಡಿ, ರಾಗಿ ಮೂಟೆಗೆ ಒರಗಿಸಿ ಇಡಿ. ನೆಗ್ಗು ಬೀಳುವುದಾದರೆ ಬೆಸುಗೆಯ ಅಂಚಿಗೇ ಬೀಳಲಿ. ಗಾಳಿ ಒಳಹೋಗಲು ಅಲ್ಲಿಯೇ ಸಲೀಸು. ಒಂದೂವರೆ ವರ್ಷಕ್ಕೆ ಅದೇ ಡಬ್ಬ ನಿಮ್ಮ ಮಗಳ ಆರತಿಗೆ ವಾಪಸು ಬಂದರೆ ಗುರುತು ಹಿಡಿಯಬೇಡಿ.

ಇನ್ನು ತೆರೆಯುವುದು. ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಕ್ಕೆ ಪೇಟೆಂಟು ಸಿಕ್ಕಿದ್ದು 1810ರಲ್ಲಿ. ಅದನ್ನು ತೆರೆಯುವ ಸಾಧನ ಬಂದದ್ದು 40 ವರ್ಷಕ್ಕೂ ಹೆಚ್ಚು ತಡವಾಗಿ. ಅಲ್ಲಿಯವರೆಗೆ ಉಳಿ, ಸುತ್ತಿಗೆಯೇ ಗತಿ. ಆ ಪರಂಪರೆ ಬಿಡಬೇಡಿ, ತೆಂಗಿನಕಾಯಿ ಒಡೆಯುವ ಮಚ್ಚು ತನ್ನಿ. ಎರಡು ರಸಗುಲ್ಲ ತಿಂದು ಮಿಕ್ಕದ್ದನ್ನು ಗಾಜಿನ ಪಾತ್ರೆಗೆ ಸುರಿಯದೆ, ಎಂಜಲು ಚಮಚದ ಸಮೇತ ಡಬ್ಬದಲ್ಲೇ ಬಿಡಿ. ಇದೇ ಮನೆಯಲ್ಲಿ ನಿಮ್ಮಜ್ಜಿ ಮಾಗಳಿ ಬೇರಿನ ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದವರ ಕೈಗೆ ಹೊಡೆಯುತ್ತಿದ್ದರು. ಉಪ್ಪು ಎಷ್ಟು, ಹುಳಿ ಎಷ್ಟು, ಭರಣಿಯ ಬಾಯಿಗೆ ಬಟ್ಟೆ ಹೇಗೆ ಕಟ್ಟಬೇಕು, ಎಲ್ಲ ಅವರಿಗೆ ಗೊತ್ತಿತ್ತು. ಪಾಪ, ಓದಿದವರಲ್ಲ.

ಓದಿದ ನೀವು ಮುಂದಿನ ಹಂತಕ್ಕೆ ಹೋಗಿ. ಹುಳಿಯಿಲ್ಲದ ಹುರುಳಿಕಾಯಿ, ಅಣಬೆ ಬೇಯಿಸಿ, ಬಾಟಲಿಗೆ ತುಂಬಿ, ಬಿರಟೆ ಬಿಗಿದು ತಿಂಗಳುಗಟ್ಟಲೆ ಹೊರಗಿಡಿ. ಕುದಿಸಿದ್ದೇನಲ್ಲ ಎಂದು ನಿದ್ದೆ ಮಾಡಿ. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿಯುವ ನೀರಿಗೆ ಸಾಯುವುದಿಲ್ಲ. ಕಾರ್ಖಾನೆಯವರು ಒತ್ತಡ ಹಾಕಿ 121 ಡಿಗ್ರಿವರೆಗೆ ಕಾಯಿಸುವುದು ಅದಕ್ಕೇ. ಗಾಳಿಯಿಲ್ಲದ, ಹುಳಿಯಿಲ್ಲದ ಬಾಟಲಿ ಅವಕ್ಕೆ ತವರುಮನೆ.

ಡಬ್ಬದ ಮುಚ್ಚಳ ಉಬ್ಬಿದೆಯೇ? ಸಂತೋಷಪಡಿ, ಮಾಲು ಜಾಸ್ತಿ ಇದೆ. ಹೆಬ್ಬೆರಳಲ್ಲಿ ಒತ್ತಿ, ಟಕ್ ಎನ್ನಿಸಿ ಮಕ್ಕಳನ್ನು ನಗಿಸಿ. ತೆರೆದಾಗ ಬುಸ್ ಎಂದು ರಸ ಚಿಮ್ಮಿದರೆ ಸೋಡಾ ಎಂದುಕೊಳ್ಳಿ. ಅನುಮಾನ ಬಂದರೆ ಮೂಸಿ, ಚೂರು ನಾಲಿಗೆಗೂ ತಾಗಿಸಿ. ಬಾಟುಲಿನಂ ವಿಷಕ್ಕೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಆದ್ದರಿಂದ ನಿಮ್ಮ ಪರೀಕ್ಷೆಯಲ್ಲಿ ಅದು ಪ್ರತಿ ಸಲವೂ ಪಾಸಾಗುತ್ತದೆ. ಕಣ್ಣು ಮಂಜಾಗಿ, ಮಾತು ತೊದಲಿ, ರೆಪ್ಪೆ ಜೋತುಬಿದ್ದರೆ ದೃಷ್ಟಿಯಾಗಿದೆ ಎಂದು ನೀವಾಳಿಸಿ ಕೂರಿ. ಆಸ್ಪತ್ರೆಗೆ ಹೊರಡುವ ಅವಸರ ಬೇಡ.

ಮುಂದಿನ ತಿಂಗಳು ನಮ್ಮ ಮನೆಯ ಗೃಹಪ್ರವೇಶ. ತಪ್ಪದೆ ಬನ್ನಿ. ಬರುವಾಗ ಬಾಳೆಹಣ್ಣು ತನ್ನಿ, ಕೆಟ್ಟರೆ ನೋಡಿದ ಕೂಡಲೇ ಗೊತ್ತಾಗುತ್ತದೆ.